ಫಕೀರವ್ವ ಹೊಲಿದ ರೆಕ್ಕೆ

ಫಕೀರವ್ವನನ್ನು ಯಾರಾದರೂ ‘ಪಾಪದ ಹೆಂಗಸು’ ಎಂದರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ. ಪಾಪವಂತೆ ಪಾಪ! ಆಕೆ ಹೆಗಲ ಮೇಲೆ ಚಿಂದಿಯ ಗಂಟು ಹೊತ್ತು, "ಕೌದಿ ಹೊಲಸ್ತೀರೇನ್ರೀ, ಕೌದೀ" ಎಂದು ಕೂಗುತ್ತ ಹಳೇ ಹುಬ್ಬಳ್ಳಿಯ ಓಣಿಗೆ ಬಂದರೆ ಮನೆಯೊಡತಿಯರೇ ಹೆದರಬೇಕಿತ್ತು. ಹೊದೆಯುವ ಕೌದಿಯ ಪದರಗಳಿಗೆಂದು ಅವರು ಕೊಟ್ಟ ಹಳೆ ಸೀರೆಗಳನ್ನು ಒಂದೊಂದಾಗಿ ಬಿಸಿಲಿಗೆ ಹಿಡಿದು ನೋಡಿ, "ಇದು ಸೀರಿ ಏನ್ರೀ? ಸಾಣಿಗಿ ಐತಿ. ಇದನ್ನ ಹಾಕಿ ಹೊಲದ್ರ ಗಾಳಿ ಸೋಸ್ತೈತಿ ಅಷ್ಟ. ಒಳಗ ಛಲೋದು ಇಟ್ಟಿರ್ತೀರಿ, ತಗೀರಿ" ಎಂದು ಸಾಹುಕಾರರ ಸೊಸೆಯರನ್ನೂ ಜಬರಿಸುತ್ತಿದ್ದಳು. ಅವರು ಗೊಣಗುತ್ತ ತೆಗೆದುಕೊಡುತ್ತಿದ್ದರು ಕೂಡ.

ಗಂಡ ಮಿಲ್ಲಿನಲ್ಲಿದ್ದವನು ಕೆಮ್ಮಿ ಕೆಮ್ಮಿ ಹೋಗಿಬಿಟ್ಟ. ಒಬ್ಬಳೇ ಮಗಳನ್ನು ಅಣ್ಣಿಗೇರಿಗೆ ಕೊಟ್ಟು ಮದುವೆ ಮಾಡಿದ್ದು ಈ ಸೂಜಿಯಿಂದಲೇ. ನಾನು ಆಗಷ್ಟೇ ಹೆಣ್ಣುಮಕ್ಕಳ ಸಾಲೆಗೆ ಮಾಸ್ತರಿಕೆಗೆ ಸೇರಿದ್ದೆ. ಆಕೆಯ ಮನೆಗೆ ಹೊಂದಿದ ಎರಡು ಖೋಲಿಯಲ್ಲಿ ಬಾಡಿಗೆಗಿದ್ದೆ. ನನ್ನನ್ನು ‘ಅಕ್ಕೋರ’ ಎಂದು ಬಹುವಚನದಲ್ಲಿ ಕರೆಯುತ್ತಲೇ ಸ್ವಂತ ಮಗಳಿಗೆ ಬೈದ ಹಾಗೆ ಬೈಯುತ್ತಿದ್ದಳು. ನನಗೆ ಅದೇನೂ ಬೇಸರವಿರಲಿಲ್ಲ.

ಆಕೆಯ ಕೆಲಸದಲ್ಲಿ ಒಂದು ಪದ್ಧತಿ ಇತ್ತು. ಕೌದಿಯ ಮೂರು ಮೂಲೆ ಮುಗಿದು ನಾಲ್ಕನೆಯದಕ್ಕೆ ಬಂದಾಗ ಸೂಜಿ ನಿಲ್ಲಿಸುತ್ತಿದ್ದಳು. ಮನೆಯೊಡತಿ ನಾಲ್ಕು ಕಾಳು ಜೋಳ, ಒಂದು ಅರಿಸಿನ ಬೇರು, ಒಂದು ಚೂರು ಒಣಕೊಬ್ಬರಿ ತರಬೇಕು. ಬಸುರಿಗೆ ಉಡಿ ತುಂಬಿದ ಹಾಗೆ ಅದನ್ನು ಆ ಮೂಲೆಗೆ ತುಂಬಿ, ಕೈಮುಗಿದು, ಆಮೇಲೆ ಮೂಲೆಯ ಬಾಯಿ ಮುಚ್ಚಿ ಹೊಲಿಯುತ್ತಿದ್ದಳು. ಹೊಲಿದದ್ದನ್ನು ಹಸಿದ ಹೊಟ್ಟೆಯಲ್ಲಿ ಕಳಿಸಬಾರದೆಂದು ತಾಯಿ ಹೇಳಿಕೊಟ್ಟಿದ್ದಳಂತೆ. "ಇಲಿ ಬರಂಗಿಲ್ಲೇನು?" ಎಂದು ನಾನೊಮ್ಮೆ ಕೇಳಿದ್ದಕ್ಕೆ, "ನಾಲ್ಕ ಕಾಳಿಗೆ ಯಾವ ಇಲಿ ಬರ್ತೈತ್ರೀ? ಅದಕ್ಕೂ ಮಾನ ಮರ್ಯಾದಿ ಐತಿ" ಎಂದು ನನ್ನ ಬಾಯಿ ಮುಚ್ಚಿಸಿದ್ದಳು.

ಇನ್ನು ವಿಮಾನದ ಮಾತು. ಸ್ಟೇಷನ್ನಿನ ಆಚೆ ಹತ್ತಿಯ ಬೀಜ ಬಿಡಿಸುವ ಒಂದು ಜಿನ್ನು ಇತ್ತು. ಅದರ ಹಿರಿಯ ಸಾಹುಕಾರರು, ಮಹಾಯುದ್ಧ ಮುಗಿದ ಮೇಲೆ ಸರಕಾರ ಹರಾಜು ಹಾಕಿದ ಸಾಮಾನಿನಲ್ಲಿ, ಒಂದು ಹಳೆಯ ವಿಮಾನ ಹಿಡಿದು ತಂದಿದ್ದರು. ಒಂದರ ಮೇಲೊಂದು ಎರಡು ಜೊತೆ ರೆಕ್ಕೆ, ಕಟ್ಟಿಗೆಯ ಎಲುಬು, ಮೇಲೆ ಬಿಗಿದ ಬಟ್ಟೆ, ಹಿಂದೆ ಮುಂದೆ ಇಬ್ಬರು ಕೂಡುವಷ್ಟು ತೆರೆದ ಜಾಗ. ಒಂದೆರಡು ಸಲ ಹಾರಿಸಿದ್ದರಂತೆ. ಆಮೇಲೆ ಮನೆಯವರು ಅತ್ತು ಕರೆದು ನಿಲ್ಲಿಸಿದರು. ಹತ್ತು ವರ್ಷ ಅದು ಗೋದಾಮಿನಲ್ಲಿ ಹತ್ತಿಯ ಅಂಡಿಗೆಗಳ ನಡುವೆ ಧೂಳು ತಿನ್ನುತ್ತ ನಿಂತಿತ್ತು. ಈ ಜಾತಿಯದು ದೇಶದಲ್ಲಿ ಮೂರೋ ನಾಲ್ಕೋ ಉಳಿದಿರಬೇಕು ಎಂದು ಪುಣೆಯಿಂದ ಬಂದವರೊಬ್ಬರು ಹೇಳಿಹೋದ ಮೇಲೆ ಸಾಹುಕಾರರಿಗೆ ಅದರ ಮೇಲೆ ಮತ್ತೆ ಪ್ರೀತಿ ಹುಟ್ಟಿತು.

ಐವತ್ತೇಳನೆಯ ಇಸವಿಯ ದಸರೆಯ ಖಂಡೇಪೂಜೆಗೆ ಅದನ್ನು ಜಿನ್ನಿನ ಬಾಗಿಲಲ್ಲಿ ಹೂ ಹಾಕಿ ನಿಲ್ಲಿಸಬೇಕೆಂದು ಅವರು ಹಟ ಹಿಡಿದರು. ನೋಡಿದರೆ ಕೆಳಗಿನ ಬಲರೆಕ್ಕೆಯ ಬಟ್ಟೆ ಚಿಂದಿಯಾಗಿತ್ತು. ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತನಾದ ಫಿಟ್ಟರ್ ಮಕಬೂಲಸಾಬನನ್ನು ಕರೆಸಿದರು. ಅವನು ಸೀದಾ ನಮ್ಮ ಓಣಿಗೆ ಬಂದ.

"ಅರೆ ಫಕೀರವ್ವಾ, ಕಬ್ಬಿಣ ಇದ್ದಿದ್ರ ನಾ ನೋಡ್ಕೋತಿದ್ದೆ. ಇದು ಅರಿವಿ ಕೆಲಸ. ನೀನ ಬರಬೇಕು."

"ಅದು ಮತ್ತ ಹಾರತೈತೇನು?"

"ಎಲ್ಲಿ ಹಾರೂದು ಬಿಡು! ಬಾಗಲದಾಗ ಮದಿಮಗನಂಗ ನಿಂದರ್ತೈತಿ, ಅಷ್ಟ."

ಮೂರು ದಿನ ಕೂತು ಆಕೆ ಆ ರೆಕ್ಕೆಗೆ ದಪ್ಪ ಬಟ್ಟೆ ಹೊದಿಸಿ, ಮೇಣ ಹಚ್ಚಿದ ದಾರದಿಂದ ಒಂದೊಂದು ಎಲುಬಿಗೂ ಬಿಗಿದು ಹೊಲಿದಳು. ಮಕಬೂಲಸಾಬ ಮೇಲೆ ಮೂಗು ಮುಚ್ಚಿಕೊಳ್ಳುವಂಥ ಅಂಟುಬಣ್ಣ ಬಳಿದ. ಒಣಗಿದ ಮೇಲೆ ಬೆರಳಿಂದ ಬಡಿದರೆ ಹಲಗಿ ಬಾರಿಸಿದ ಹಾಗೆ ಸದ್ದು ಬರುತ್ತಿತ್ತು. ಪೂಜೆ ಚೆಂದಾಗಿ ಆಯಿತು. ಫಕೀರವ್ವನಿಗೆ ಸಾಹುಕಾರರು ಒಂದು ಇಳಕಲ್ ಸೀರೆ ಉಡಿಸಿದರು. ಅದನ್ನು ಉಟ್ಟುಕೊಂಡು ಆಕೆ ಒಂದು ವಾರ ಓಣಿಯಲ್ಲಿ ಮೆರೆದಳು.

ಮರುವರ್ಷ ಸಾಹುಕಾರರು ತೀರಿಕೊಂಡರು. ಮಕ್ಕಳಿಗೆ ಜಿನ್ನು ಬೇಕಿತ್ತು, ವಿಮಾನ ಬೇಡವಾಗಿತ್ತು. ೧೯೬೦ರ ಸಂಕ್ರಾಂತಿ ಕಳೆದ ವಾರ ಅದು ಮಾರಾಟವಾಯಿತು.

ಮಾರಿದ ರೀತಿಯನ್ನು ಹೇಳಲೇಬೇಕು. ನಮ್ಮ ಹಳೆಯ ದಲಾಲರು ಹತ್ತಿಯ ದರವನ್ನು ಬಾಯಿಂದ ಆಡುತ್ತಿರಲಿಲ್ಲ. ಮಾರುವವನೂ ದಲಾಲನೂ ಎದುರುಬದುರು ಕೂತು, ಕೈಗಳ ಮೇಲೆ ಟಾವೆಲ್ಲು ಹೊದಿಸಿ, ಒಳಗೆ ಬೆರಳು ಹಿಡಿದು ವ್ಯವಹಾರ ಮುಗಿಸುತ್ತಿದ್ದರು. ಸುತ್ತ ನಿಂತವರಿಗೆ ಟಾವೆಲ್ಲು ಅಲುಗುವುದು ಕಾಣುತ್ತಿತ್ತೇ ಹೊರತು ಮತ್ತೇನೂ ತಿಳಿಯುತ್ತಿರಲಿಲ್ಲ. ದಲಾಲ ಯಾರ ಪರವಾಗಿ ಕೊಂಡ ಎಂಬುದೂ ಗುಟ್ಟೇ. ಕೇಳಿದರೆ ‘ಪಾರ್ಟಿ’ ಎನ್ನುತ್ತಿದ್ದ. ವಿಮಾನವನ್ನೂ ಹೀಗೆಯೇ, ಜಿನ್ನಿನ ಅಂಗಳದಲ್ಲಿ, ಹಾಡುಹಗಲೇ, ಟಾವೆಲ್ಲಿನ ಕೆಳಗೆ ಮಾರಿದರು. ದಲಾಲರು ಸಿದ್ದಲಿಂಗಪ್ಪ ಹೊಂಬಳ. ನೆಟ್ಟಗಿನ ಮೀಸೆಯ, ಮಾತು ಕಡಿಮೆಯ, ದೊಡ್ಡ ಹೊಟ್ಟೆಯ ಮನುಷ್ಯ. ಮೂವತ್ತು ವರ್ಷದಲ್ಲಿ ಒಬ್ಬ ಪಾರ್ಟಿಯ ಹೆಸರನ್ನೂ ಬಾಯಿಬಿಟ್ಟವರಲ್ಲ.

ಇನ್ನು ಕೇಳಬೇಕೆ! ಹುಬ್ಬಳ್ಳಿಗೆ ಹುಬ್ಬಳ್ಳಿಯೇ ತಲೆ ಕೆಡಿಸಿಕೊಂಡಿತು. ಯಾರೋ ಸಂಸ್ಥಾನದ ದೊರೆ, ಹಳೆ ಮೋಟಾರು ಕೂಡಿಡುವ ಷೋಕಿಯವನು, ಗುಟ್ಟಾಗಿ ಕೊಂಡಿದ್ದಾನೆ ಎಂದು ದುರ್ಗದಬೈಲಿನಲ್ಲಿ ಸುದ್ದಿ. ಅಲ್ಲ, ಮದ್ರಾಸಿನ ಸಿನಿಮಾದವರು ಎಂದು ಕ್ಷೌರದಂಗಡಿಯಲ್ಲಿ. ಊರಲ್ಲಿ ಬೀಡುಬಿಟ್ಟಿದ್ದ ಸರ್ಕಸ್ಸಿನವರು ಆನೆಯನ್ನು ಅದರಲ್ಲಿ ಕೂಡಿಸುತ್ತಾರೆ ಎಂದು ನಮ್ಮ ಸಾಲೆಯ ಹೆಡ್‌ಬಾಯಿ ಹೇಳಿದರು. ಎಂಟ್ರನ್ಸ್ ಪಾಸಾದವರ ಬುದ್ಧಿ ನೋಡಿ. ಒಬ್ಬರಂತೂ ಚೀನಾದವರಿರಬೇಕೆಂದರು. ನಾನೇನು ಕಡಿಮೆಯೆ? ಆಗಿನ್ನೂ ಗೋವಾ ಪೋರ್ಚುಗೀಜರ ಕೈಯಲ್ಲಿತ್ತು, ಕಳ್ಳಬಂಗಾರ ಗಡಿ ದಾಟಿ ಬರುತ್ತಿತ್ತು. ‘ಗೋವಾದ ಬಂಗಾರದ ಕಳ್ಳನೇ ಕೊಂಡಿದ್ದಾನೆ, ಬೆಟ್ಟದ ಮೇಲಿಂದ ಹಾರಿಸಿಕೊಂಡು ಬರುತ್ತಾನೆ’ ಎಂದು ನಾನು ಕಟ್ಟಿದ ಕಥೆ ಮೂರನೆಯ ದಿನ ಪೊಲೀಸನೊಬ್ಬನ ಬಾಯಿಂದ ನನಗೇ ತಿರುಗಿ ಬಂತು. ‘ಯಾರಿಗೂ ಹೇಳಬ್ಯಾಡ್ರಿ’ ಎಂದು ಬೇರೆ ಎಚ್ಚರಿಸಿದ.

ಈ ಗದ್ದಲದಲ್ಲಿ ತಣ್ಣಗಿದ್ದವಳು ಫಕೀರವ್ವ ಒಬ್ಬಳೇ. "ಯಾರರೆ ಒಯ್ಯಲಿ, ಎಲ್ಲೆರೆ ನಿಂದರಸಲಿ. ನಿಮಗ ಸಾಲಿಯೊಳಗ ಕೆಲಸಿಲ್ಲೇನ್ರೀ?" ಎನ್ನುತ್ತಿದ್ದಳು.

ಅದು ಫೆಬ್ರುವರಿಯ ಕೊನೆಯ ರವಿವಾರ. ನನ್ನ ಕಟ್ಟೆಯ ಮೇಲೆ ಕೂತು ಆಕೆ ನನ್ನದೇ ಕೌದಿ ಹೊಲಿಯುತ್ತಿದ್ದಳು. ಮಕಬೂಲಸಾಬ ಸೈಕಲ್ ನಿಲ್ಲಿಸಿ ಹಲ್ಲೆಲ್ಲ ತೋರಿಸುತ್ತ ಬಂದ.

"ಕೇಳಿದ್ರೇನ್ರೀ? ಇಂಜಿನ್ ಕೆಲಸಕ್ಕ ನನ್ನನ್ನ ಹಚ್ಯಾರ ಸಿದ್ದಲಿಂಗಪ್ಪನವರು. ಹೋಳಿಹುಣ್ಣಿವಿ ಮುಗಿದ ರವಿವಾರ ಬೆಳಗಾವಿಯಿಂದ ಪೈಲಟ್ ಬರ್ತಾರ. ಪಾರ್ಟಿನ್ನ ಕುಂಡ್ರಿಸ್ಕೊಂಡು ಖರೇನ ಮ್ಯಾಲ ಹಾರತಾರಂತ!"

"ಪಾರ್ಟಿ ಯಾರು?" ಎಂದು ನಾನು ಎದ್ದೇ ನಿಂತೆ.

"ಅದನ್ನ ನನಗೂ ಹೇಳಿಲ್ರೀ ಅಕ್ಕೋರ. ರೆಕ್ಕಿ ಹೆಂಗೈತಿ ಅಂತ ಕೇಳಿದ್ರು. ನಮ್ಮ ಫಕೀರವ್ವ ಹೊಲದಾಳ, ನಾ ಬಣ್ಣ ಬಳದೇನಿ, ಅದರ ಜವಾಬ್ದಾರಿ ನಂದು ಅಂತ ಹೇಳಿಬಿಟ್ಟೆ."

ಅವನು ಹೋದ ಮೇಲೆ ನೋಡುತ್ತೇನೆ, ಫಕೀರವ್ವನ ಸೂಜಿ ಹೆಬ್ಬೆರಳಲ್ಲಿ ನಾಟಿದೆ. ರಕ್ತ ಬರುತ್ತಿದ್ದರೂ ಆಕೆಗೆ ಖಬರಿಲ್ಲ. ನಾನು ಗಾಬರಿಯಾಗಿ ಸೂಜಿ ಕಿತ್ತೆ.

"ಅಕ್ಕೋರ, ನಾ ಅದಕ ಉಡಿ ತುಂಬೀನ್ರೀ" ಎಂದಳು.

"ಯಾವುದಕ್ಕ?"

"ಆ ರೆಕ್ಕಿಗೆ."

ನನಗೆ ನಗು ಬಂತು. "ನಾಲ್ಕು ಕಾಳು ಜೋಳದಾಗ ಏನ ಆಗತೈತಿ ಬಿಡು."

"ನಾಲ್ಕ ಕಾಳ ಎಲ್ಲಿ ಬಂತ್ರೀ? ಅದೇನ ಕೌದಿ ಏನು? ಎರಡಾಳಿನ ಉದ್ದ ಐತಿ. ಅಷ್ಟ ದೊಡ್ಡ ಹೊಟ್ಟಿಗೆ ನಾಲ್ಕ ಕಾಳ ಹಾಕಿದ್ರ ಏನ ಛಂದ ಅಂತ, ಎರಡು ಬೊಗಸಿ ಜೋಳ ಹಾಕೀನಿ. ಒಂದ ಇಡೀ ಬಟ್ಟಲ ಕೊಬ್ಬರಿ. ಮಕಬೂಲಸಾಬ ಚಾ ಕುಡ್ಯಾಕ ಹೋದಾಗ ತುದೀ ಮೂಲಿಯೊಳಗ ತುಂಬಿ ಹೊಲದುಬಿಟ್ಟೆ."

ನನ್ನ ನಗು ಅಲ್ಲಿಗೇ ನಿಂತಿತು. ಆ ತುದಿಯಲ್ಲಿ ಏನಿದೆ ಎಂಬುದನ್ನು ಮಕಬೂಲಸಾಬ ಆಗ ಆಕೆಗೆ ತೋರಿಸಿಕೊಟ್ಟಿದ್ದ, ಆಕೆ ನನಗೆ ಹೇಳಿದ್ದಳು. ರೆಕ್ಕೆಯ ಹಿಂದಿನ ಅಂಚಿನ ಒಂದು ಪಟ್ಟಿ ಮೇಲೆ ಕೆಳಗೆ ಆಡುತ್ತದೆ. ಅದನ್ನು ಎಳೆಯುವ ತಂತಿ, ತಂತಿ ಓಡುವ ಪುಟ್ಟ ಗಾಲಿ ಒಳಗಿವೆ. ಅದು ಆಡಿದರೆ ವಿಮಾನ ಹೊರಳುತ್ತದೆ, ಆಡದಿದ್ದರೆ ಇಲ್ಲ. ಆ ಗಾಲಿಗೆ ಜೋಳ ಸಿಕ್ಕರೆ? ಅದಕ್ಕಿಂತ ಹೆಚ್ಚಾಗಿ, ಆ ಜೋಳಕ್ಕೆ ಎರಡೂವರೆ ವರ್ಷದಲ್ಲಿ ಗೋದಾಮಿನ ಇಲಿಗಳು ಬಂದು ದಾರ ಕಡಿದಿದ್ದರೆ?

"ನಿನಗ ತಲಿ ಐತಿಲ್ಲೋ?" ಎಂದು ಕೂಗಿಬಿಟ್ಟೆ. ಆಕೆ ತಿರುಗಿ ಬೈಯಲಿಲ್ಲ. ಅದನ್ನು ಕಂಡು ನನಗೆ ನಿಜವಾಗಿ ಭಯವಾಯಿತು.

ಮಕಬೂಲಸಾಬನಿಗೆ ಹೇಳಿಬಿಡೋಣ ಎಂದೆ. ಆಕೆ ಒಪ್ಪಲಿಲ್ಲ. "ಅಂವ ಜವಾಬ್ದಾರಿ ಹೊತ್ತು ಕುಂತಾನ್ರೀ. ಅಂವನ ಬಾಯಿಂದ ಹೊರಗ ಬಿದ್ರ ಅಂವನ ಮಾನ ಹೋಗತೈತಿ. ತಪ್ಪು ನಂದು. ಅದನ್ನ ಕೊಂಡವರ ಮುಂದ ನಾನ ನಿಂತು ಹೇಳ್ತೇನಿ, ಬೈದ್ರ ಬೈಸ್ಕೋತೇನಿ." ಹೆಬ್ಬೆರಳ ರಕ್ತವನ್ನು ಸೆರಗಿಗೆ ಒರೆಸಿಕೊಂಡು ಸೇರಿಸಿದಳು: "ಊರಾಗ ಗೊತ್ತಾದ್ರ ನನಗ್ಯಾರು ಕೌದಿ ಕೊಡ್ತಾರ್ರೀ? ಫಕೀರವ್ವನ ಕೌದಿ ಅಂದ್ರ ಇಲಿ ಗೂಡು ಅಂತಾರ." ಆ ಎರಡನೆಯ ಮಾತನ್ನು ಮುಚ್ಚಿಡದೆ ಹೇಳಿದಳಲ್ಲ, ಅದಕ್ಕೇ ಆಕೆಯ ಮೇಲೆ ನನಗೆ ಅಷ್ಟು ಗೌರವ.

ಹೀಗೆ, ಊರೆಲ್ಲ ಚಟಕ್ಕೆ ಕೇಳುತ್ತಿದ್ದ ಪ್ರಶ್ನೆ ನಮ್ಮಿಬ್ಬರಿಗೆ ಜೀವದ ಪ್ರಶ್ನೆಯಾಯಿತು. ಯಾರು ಕೊಂಡವನು? ಆ ರವಿವಾರ ಆ ರೆಕ್ಕೆಯನ್ನು ನಂಬಿ ಮೇಲೆ ಹೋಗುವವನು ಯಾರು?

ಮರುದಿನ ಸಾಲೆ ಬಿಟ್ಟ ಮೇಲೆ ಇಬ್ಬರೂ ಸಿದ್ದಲಿಂಗಪ್ಪನವರ ಅಂಗಡಿಗೆ ಹೋದೆವು. ಒಳಗೆ ಗೋಡೆಯ ತುಂಬ ಹಳೆ ಗಡಿಯಾರಗಳು. ಹನ್ನೊಂದು ಎಣಿಸಿದೆ, ಒಂದೊಂದೂ ಒಂದೊಂದು ಹೊತ್ತು ತೋರಿಸುತ್ತಿತ್ತು. ಕೆಟ್ಟ ಗಡಿಯಾರ, ಒಡೆದ ಗ್ರಾಮಫೋನು ಎಲ್ಲಿ ಕಂಡರೂ ಹೊತ್ತು ತರುವುದು ಅವರ ಒಂದೇ ಚಟ ಎಂದು ಎಲ್ಲರಿಗೂ ಗೊತ್ತಿತ್ತು.

"ಸಾಹುಕಾರ್ರ, ವಿಮಾನ ಕೊಂಡವರ ಕೂಡ ಒಂದು ಮಾತು ಆಡಬೇಕಿತ್ರೀ" ಎಂದಳು ಫಕೀರವ್ವ.

"ಏನ ಮಾತು?"

"ಅದನ್ನ ಅವರ ಮುಂದ ಹೇಳ್ತೇನ್ರೀ."

"ಪಾರ್ಟಿ ಹೆಸರು ಹೇಳೂದು ನನ್ನ ಧಂದೇಕ ಒಪ್ಪಂಗಿಲ್ಲ ತಂಗಿ. ಹೇಳೂದಿದ್ರ ನನ್ನ ಮುಂದ ಹೇಳು, ನಾ ಮುಟ್ಟಸ್ತೇನಿ."

ಅಂಗಡಿಯಲ್ಲಿ ಆರು ಜನ ರೈತರು ಕಿವಿ ನಿಗುರಿಸಿಕೊಂಡು ಕೂತಿದ್ದರು. ಫಕೀರವ್ವ ಬಾಯಿ ತೆರೆದಳು, ಅವರನ್ನು ನೋಡಿದಳು, ಮುಚ್ಚಿಕೊಂಡಳು. ಹೊರಗೆ ಬಂದ ಮೇಲೆ ನಾನು ಬೈದದ್ದಕ್ಕೆ ಲೆಕ್ಕವಿಲ್ಲ.

ಮತ್ತೆ ಆ ಅಂಗಡಿಯ ಮೆಟ್ಟಿಲು ಹತ್ತಲು ಆಕೆ ಒಪ್ಪದ್ದರಿಂದ ನಾವೇ ಹುಡುಕಲು ಹೊರಟೆವು. ಹೆಡ್‌ಬಾಯಿಯ ಮಾತು ನಂಬಿ ಸರ್ಕಸ್ಸಿನ ಡೇರೆಗೂ ಹೋದೆವು ಎಂದರೆ ನಮ್ಮ ಅವಸ್ಥೆ ತಿಳಿಯಬಹುದು. ಮ್ಯಾನೇಜರು ವಿಮಾನದ ಹೆಸರೆತ್ತಿದ ಕೂಡಲೇ ಹೊಟ್ಟೆ ಹಿಡಿದು ನಕ್ಕ. ಹರಿದ ಡೇರೆಯ ಮೂಲೆ ತೋರಿಸಿ ಇದನ್ನು ಹೊಲಿದುಕೊಡುತ್ತೀಯಾ ಎಂದ. ಆ ಚಿಂತೆಯಲ್ಲೂ ಫಕೀರವ್ವ ಕೂತು ಹೊಲಿದುಕೊಟ್ಟಳು. ಕೈ ಸುಮ್ಮನಿದ್ದರೆ ತಲೆ ಕೆಡುತ್ತದೆ ಎಂದಳು. ಗೋದಾಮಿಗೆ ಹೋದರೆ ಹೊಸ ಬೀಗ, ಹೊಸ ಕಾವಲುಗಾರ. ಪಾರ್ಟಿಯ ಅಪ್ಪಣೆಯಿಲ್ಲದೆ ನೊಣವೂ ಒಳಗೆ ಹೋಗುವ ಹಾಗಿರಲಿಲ್ಲ.

ಹೋಳಿ ಬಂತು, ಹೋಯಿತು. ಫಕೀರವ್ವನ ಮುಖ ಇಷ್ಟಾಗಿತ್ತು. "ಯಾರ ಮಗನೋ, ಯಾರ ಗಂಡನೋ" ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು. ಬಂಗಾರದ ಕಳ್ಳನೇ ಆಗಿರಲಿ ಎಂದು ನಾನು ದೇವರಲ್ಲಿ ಬೇಡಿಕೊಂಡೆ. ಸತ್ತರೆ ಅಷ್ಟು ಕೆಡುಕೆನಿಸುವುದಿಲ್ಲವಲ್ಲ. ಆಮೇಲೆ ನನಗೇ ನಾಚಿಕೆಯಾಯಿತು.

ಶನಿವಾರ ಬೆಳಿಗ್ಗೆ ಮಕಬೂಲಸಾಬನಿಂದ ಸುದ್ದಿ ಬಂತು: ಬೆಳಗಾವಿಯ ಪೈಲಟ್ ತ್ರ್ಯಂಬಕ ಎಂಬವನು ನಿನ್ನೆಯೇ ಬಂದು ವಿಮಾನ ನೋಡಿ ಒಪ್ಪಿದ್ದಾನೆ, ಸಿದ್ದಲಿಂಗಪ್ಪನವರ ವಿದ್ಯಾನಗರದ ಮನೆಯಲ್ಲಿ ಇಳಿದಿದ್ದಾನೆ, ನಾಳೆ ಸೂರ್ಯ ಹುಟ್ಟುತ್ತಲೇ ಹಾರುತ್ತಾರೆ. ಫಕೀರವ್ವ ಹೊಲಿಯುತ್ತಿದ್ದುದನ್ನು ಅಲ್ಲೇ ಬಿಸಾಡಿ ಎದ್ದಳು. "ಇಲಿ ಗೂಡ ಅನ್ಲಿ, ಏನರೆ ಅನ್ಲಿ, ನಡೀರಿ." ನಾನು ಸಾಲೆಗೆ ಚೀಟಿ ಕಳಿಸಿ ಆಕೆಯ ಹಿಂದೆ ಓಡಿದೆ.

ಮನೆಯ ಪಡಸಾಲೆಯಲ್ಲಿ ಸಿದ್ದಲಿಂಗಪ್ಪನವರೂ ತ್ರ್ಯಂಬಕನೂ ಉಪ್ಪಿಟ್ಟು ತಿನ್ನುತ್ತಿದ್ದರು. ಸಿದ್ದಲಿಂಗಪ್ಪನವರ ಹೆಂಡತಿ ರತ್ನವ್ವ ಬಡಿಸುತ್ತಿದ್ದರು. ಫಕೀರವ್ವ ನಮಸ್ಕಾರವನ್ನೂ ಮಾಡಲಿಲ್ಲ. ಬಾಗಿಲಲ್ಲೇ ನಿಂತು, ಎರಡು ಬೊಗಸೆ ಜೋಳದಿಂದ ಹಿಡಿದು ಕೊಬ್ಬರಿ ಬಟ್ಟಲಿನವರೆಗೆ ಒಂದೇ ಉಸಿರಿನಲ್ಲಿ ಹೇಳಿಬಿಟ್ಟಳು. "ನನ್ನನ್ನ ಪೊಲೀಸರಿಗೆ ಕೊಡ್ರಿ, ಏನರೆ ಮಾಡ್ರಿ. ಮಕಬೂಲಸಾಬಗ ಏನೂ ಗೊತ್ತಿಲ್ರೀ. ಆದ್ರ ಆ ನಿಮ್ಮ ಪಾರ್ಟಿಗೆ ಈಗಿಂದೀಗ ಹೇಳಿ ಕಳಸ್ರಿ. ಅಂವ ಯಾರರೆ ಇರಲಿ, ಮನ್ಯಾಗ ಒಬ್ಬಾಕಿ ಹಾದಿ ಕಾಯಕೋತ ಇರ್ತಾಳ್ರೀ."

ಸಿದ್ದಲಿಂಗಪ್ಪನವರ ಕೈಯಲ್ಲಿದ್ದ ಉಪ್ಪಿಟ್ಟು ತಟ್ಟೆಗೆ ಬಿತ್ತು. ಹೆಂಡತಿಯ ಮುಖ ನೋಡಿದರು. ಮೂವತ್ತು ವರ್ಷ ಯಾರ ಹೆಸರನ್ನೂ ಹೇಳದವರು ಕೊನೆಗೂ ಹೇಳಿದರು.

"ಪಾರ್ಟಿ ನಾನ ಅದೀನವಾ."

ದಲಾಲ ತನಗಾಗಿ ಕೊಳ್ಳುತ್ತಾನೆ ಎಂದು ನಮ್ಮೂರಲ್ಲಿ ಯಾರ ತಲೆಗೂ ಹೊಳೆಯುವುದಿಲ್ಲ. ಟಾವೆಲ್ಲಿನ ಕೆಳಗಿನ ಕೈ ಯಾವಾಗಲೂ ಬೇರೊಬ್ಬರದು ಎಂದೇ ನಮ್ಮ ನಂಬಿಕೆ. ಹನ್ನೊಂದು ಗಡಿಯಾರ ಎಣಿಸಿ ಬಂದ ನನಗೂ ಹೊಳೆಯಲಿಲ್ಲವಲ್ಲ! ಗೋವಾದವರೆಗೆ ಹೋಗಿದ್ದ ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

"ನೀವಽ? ವಿಮಾನಾ?" ಎಂದು ರತ್ನವ್ವ ಸೌಟು ಹಿಡಿದೇ ನಿಂತರು. "ಬೆಳಗಾವಿ ಅತಿಥಿ ಹತ್ತಿ ನೋಡಾಕ ಬಂದಾನ ಅಂದ್ರಿ. ಗಡಿಯಾರಾ ತಂದ್ರಿ, ಸುಮ್ಮನಿದ್ದೆ. ಗ್ರಾಮಫೋನಾ ತಂದ್ರಿ, ಮಂಚದ ಕೆಳಗ ಜಾಗಾ ಮಾಡಿಕೊಟ್ಟೆ. ಇದನ್ನ ತಂದು ಎಲ್ಲಿಡಾಂವ್ರಿದ್ರಿ, ನನ್ನ ತಲೀ ಮ್ಯಾಲ?"

"ಸಣ್ಣಾಂವ ಇದ್ದಾಗಿಂದ ಒಮ್ಮೆ ಮ್ಯಾಲ ಹೋಗಬೇಕು ಅಂತ ಆಶಾ ಇತ್ತು ರತ್ನಾ. ದಲಾಲ ತನಗ ಕೊಳ್ಳಾಕ ಹತ್ತ್ಯಾನ ಅಂತ ಗೊತ್ತಾದ್ರ ಮಂದಿ ನನ್ನನ್ನ ನಂಬತಾರೇನು? ಅದಕ್ಕ..." ಆ ದೊಡ್ಡ ಮನುಷ್ಯರ ದನಿ ಅಷ್ಟು ಸಣ್ಣದಾದದ್ದನ್ನು ನಾನು ಕೇಳಿರಲಿಲ್ಲ.

ತ್ರ್ಯಂಬಕ ಎದ್ದ. "ಜಗಳ ಆಮ್ಯಾಲ ಆಡ್ರಿ. ಮೊದಲ ರೆಕ್ಕಿ ನೋಡೋಣ ನಡೀರಿ. ನಿನ್ನೆ ಮ್ಯಾಲಿಂದ ಬಡದು ನೋಡಿದೆ, ಗಟ್ಟಿ ಅದ ಅನಸ್ತು."

ಗೋದಾಮಿಗೆ ಮಕಬೂಲಸಾಬನೂ ಓಡಿ ಬಂದ. ಫಕೀರವ್ವ ತಾನೇ ಬ್ಲೇಡು ಹಿಡಿದು ತುದಿಯ ಬಟ್ಟೆ ಕೊಯ್ದಳು. ಒಳಗಿಂದ ಜೋಳ ಬೀಳಲಿಲ್ಲ. ಬಿದ್ದದ್ದು ಹೊಟ್ಟು, ಹಿಕ್ಕೆ, ಹತ್ತಿ ಚಿಂದಿಯ ಒಂದು ಗೂಡು. ತ್ರ್ಯಂಬಕ ಕೈ ಹಾಕಿ ಒಂದೊಂದೇ ಎಲುಬು ಮುಟ್ಟುತ್ತ ಹೋದ. ಐದು ಎಲುಬುಗಳ ಹೊಲಿಗೆ ಒಳಗಿನಿಂದ ಕಡಿದುಹೋಗಿತ್ತು. ಬಟ್ಟೆ ಬರೀ ಬಣ್ಣದ ಅಂಟಿನ ಮೇಲೆ ನಿಂತಿತ್ತು.

"ಮ್ಯಾಲ ಹೋದ ಕೂಡ್ಲೇ ಗಾಳಿಗೆ ಬಾಳಿಹಣ್ಣಿನ ಸಿಪ್ಪಿ ಸುಲದಂಗ ಸುಲೀತಿತ್ತು. ನಾವಿಬ್ಬರೂ ತಿರುಗಿ ಬರತಿದ್ದಿಲ್ಲ" ಎಂದ.

ಸಿದ್ದಲಿಂಗಪ್ಪನವರು ಅಂಡಿಗೆಯ ಮೇಲೆ ಕುಸಿದು ಕೂತರು. ರತ್ನವ್ವ ಬಂದು ಫಕೀರವ್ವನ ಎರಡೂ ಕೈ ಹಿಡಿದುಕೊಂಡರು. "ನನ್ನ ಕುಂಕುಮಾ ಉಳಿಸಿದೆವಾ" ಎಂದು ಅತ್ತರು.

"ಅಳಸಾಕ ಹೊಂಟಾಕೀನೂ ನಾನ ಅಲ್ಲೇನ್ರೀ" ಎಂದಳು ಫಕೀರವ್ವ. ಆಮೇಲೆ ಆಕೆಯೂ ಅತ್ತಳು, ನಾನೂ ಅತ್ತೆ. ಎಷ್ಟು ಹಗುರಾಯಿತೆಂದರೆ, ಅಳುತ್ತಲೇ ನಗು ಬಂದುಬಿಟ್ಟಿತು. ಮಕಬೂಲಸಾಬ ಮಾತ್ರ, "ಎರಡೂವರಿ ವರ್ಷ ಬಾಯಿ ಮುಚ್ಚಿಕೊಂಡಿದ್ದೆಲ್ಲ ಮಾರಾಯ್ತಿ! ನನ್ನ ಮುಂದ ಹೇಳಬಾರದೇನು?" ಎಂದು ಟೊಪ್ಪಿಗೆ ತೆಗೆದು ನೆಲಕ್ಕೆ ಬಡಿದ. ಮರುಗಳಿಗೆ ತಾನೇ ಹೆಕ್ಕಿಕೊಂಡು, "ದೇವರು ದೊಡ್ಡಾಂವ" ಎಂದು ಹಾಕಿಕೊಂಡ.

ರತ್ನವ್ವ ವಿಮಾನವನ್ನು ಮಾರಿಸುತ್ತಾರೆ ಎಂದುಕೊಂಡಿದ್ದೆ. ಇಲ್ಲ. ಎರಡು ದಿನ ಮಾತು ಬಿಟ್ಟರು, ಮೂರನೆಯ ದಿನ, "ಒಮ್ಮೆ ಹೋಗಿ ಬರ್ರಿ. ಒಮ್ಮೆ ಅಂದ್ರ ಒಮ್ಮೆ. ಆದ್ರ ರೆಕ್ಕಿ ಫಕೀರವ್ವನ ಹೊಲೀಬೇಕು" ಎಂದರು. ತ್ರ್ಯಂಬಕ ಬೆಳಗಾವಿಯಿಂದ ತಕ್ಕ ಬಟ್ಟೆ ತರಿಸಿದ. ನಾಲ್ಕೂ ರೆಕ್ಕೆ ಬಿಚ್ಚಿ, ಅವನು ಪಕ್ಕದಲ್ಲೇ ಕೂತು ಗಂಟು ಗಂಟು ಪರೀಕ್ಷಿಸುತ್ತ, ಆಕೆ ಹೊಸದಾಗಿ ಹೊಲಿದಳು. ಹದಿನೆಂಟು ದಿನ ಹಿಡಿಯಿತು. ಕೊನೆಯ ಮೂಲೆಗೆ ಬಂದಾಗ ಸೂಜಿ ಒಂದು ಗಳಿಗೆ ನಿಂತಿತು. ಎಲ್ಲರೂ ಆಕೆಯನ್ನೇ ನೋಡಿದೆವು. ಆಕೆ ಏನನ್ನೂ ತುಂಬದೆ ಮುಚ್ಚಿ ಹೊಲಿದಳು.

ಹಾರುವ ದಿನ ಗೋಕುಲದ ಹಾದಿಯ ಗಟ್ಟಿ ಬಯಲಿನಲ್ಲಿ ಅರ್ಧ ಹುಬ್ಬಳ್ಳಿ ನೆರೆದಿತ್ತು. ಗುಟ್ಟು ಯಾವತ್ತೋ ಒಡೆದಿತ್ತು. ಪಾರ್ಟಿಗಳು ಬಿಟ್ಟುಹೋಗುವುದಿರಲಿ, ತಮ್ಮ ದಲಾಲರು ಹಾರುವುದನ್ನು ನೋಡಲು ನವಲಗುಂದದಿಂದ ರೈತರು ಚಕ್ಕಡಿ ಕಟ್ಟಿಕೊಂಡು ಬಂದಿದ್ದರು. ಸಿದ್ದಲಿಂಗಪ್ಪನವರ ಹೊಟ್ಟೆಯನ್ನು ಆ ಕುಳಿಯೊಳಗೆ ಇಳಿಸಲು ಮೂರು ಜನ ಬೇಕಾಯಿತು. ಇಂಜಿನ್ ಗುಡುಗಿತು, ಧೂಳೆದ್ದಿತು, ಅದು ಓಡಿತು, ನೋಡುತ್ತಿದ್ದ ಹಾಗೆಯೇ ನೆಲ ಬಿಟ್ಟಿತು.

ಜನ ಕೂಗುತ್ತಿದ್ದರು. ನಾನು ಫಕೀರವ್ವನ ಮುಖ ನೋಡಿದೆ. ತುಟಿ ಒಣಗಿತ್ತು, ಕಣ್ಣು ಕುಳಿಬಿದ್ದಿತ್ತು. ನನ್ನ ತೋಳು ಹಿಡಿದ ಕೈ ತಣ್ಣಗಿತ್ತು.

"ಏನ ತಿಂದಿ ಬೆಳಿಗ್ಗೆ?" ಎಂದೆ.

"ನಿನ್ನಿ ಮುಂಜಾನಿಯಿಂದ ಏನೂ ತಿಂದಿಲ್ರೀ."

"ಯಾಕ?"

"ಈ ಸಲ ಅದನ್ನ ಹಸದ ಹೊಟ್ಟೀಲೆ ಕಳಿಸೀನ್ರೀ ಅಕ್ಕೋರ. ಅದು ಉಪವಾಸ ಮ್ಯಾಲಿರಬೇಕಾದ್ರ ನಾ ಹೆಂಗ ತಿನ್ನಲಿ?"

ಆಕೆಯ ಕೈಯನ್ನು ನನ್ನ ಕೈಯಲ್ಲಿ ಇಟ್ಟುಕೊಂಡು ಮೇಲೆ ನೋಡುತ್ತ ನಿಂತೆ. ವಿಮಾನ ಉಣಕಲ್ ಕೆರೆಯ ಕಡೆ ಹೋಗಿ ಸಣ್ಣದಾಯಿತು, ಹೊರಳಿತು, ಮತ್ತೆ ದೊಡ್ಡದಾಯಿತು. ಹತ್ತು ನಿಮಿಷವಿರಬೇಕು. ಆ ಹತ್ತು ನಿಮಿಷದಲ್ಲಿ ನಾನು ಹರಕೆ ಹೊರದ ದೇವರಿಲ್ಲ. ಗಾಲಿ ನೆಲ ಮುಟ್ಟಿ ಎರಡು ಸಲ ಪುಟಿದು, ಓಡಿ, ನಿಂತಿತು.

ಜನ ಸಿದ್ದಲಿಂಗಪ್ಪನವರ ಕಡೆ ಓಡಿದರು. ಫಕೀರವ್ವ ಅವರನ್ನು ನೋಡಲೂ ಇಲ್ಲ. ನೇರವಾಗಿ ಬಲರೆಕ್ಕೆಯ ಹತ್ತಿರ ಹೋಗಿ, ಬುಡದಿಂದ ತುದಿಯವರೆಗೆ ಹೊಲಿಗೆಯ ಮೇಲೆ ಅಂಗೈ ಆಡಿಸಿದಳು. ಒಂದು ಟಾಕೂ ಅಲುಗಿರಲಿಲ್ಲ. ತಿರುಗಿ ಬಂದು ರತ್ನವ್ವನವರ ಪಕ್ಕ ನೆಲದ ಮೇಲೆ ಧಪ್ಪನೆ ಕೂತಳು.

"ಏನರೆ ತಿನ್ನಾಕ ಐತೇನ್ರೀ ಅವ್ವಾರ?"

ರತ್ನವ್ವ ಬುತ್ತಿಯ ಗಂಟು ಬಿಚ್ಚಿದರು. ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ. ಫಕೀರವ್ವ ಯಾರಿಗೂ ಕಾಯದೆ ಮುರಿದು ಬಾಯಿಗಿಟ್ಟಳು. ಒಂದು ರೊಟ್ಟಿ ಮುಗಿಯಿತು, ಎರಡು ಮುಗಿಯಿತು. ಕೂದಲು ಕೆದರಿಕೊಂಡು, ಮೀಸೆಯೆಲ್ಲ ಅಸ್ತವ್ಯಸ್ತವಾಗಿ ಸಿದ್ದಲಿಂಗಪ್ಪನವರು ಬಂದು ಎದುರು ನಿಂತರು. ಫಕೀರವ್ವ ತುಂಬಿದ ಬಾಯಲ್ಲೇ, "ಕುಂಡ್ರ್ರಿ, ನೀವೂ ತಿನ್ರಿ" ಎಂದು ಮೂರನೆಯ ರೊಟ್ಟಿಯನ್ನು ಎರಡು ಮಾಡಿ ಅರ್ಧ ಅವರ ಕೈಗಿಟ್ಟಳು. ಅವರು ಅಲ್ಲೇ ಮಣ್ಣಿನ ಮೇಲೆ ಕೂತು ತಿನ್ನತೊಡಗಿದರು.